ಒಲೆ ಹತ್ತದಿದ್ದರೆ ಅಕ್ಕನದೇ ತಪ್ಪೇ?

ಯಲಹಂಕದಲ್ಲಿ ನಮ್ಮ ಬೀದಿಯ ಇಡ್ಲಿ ಗಾಡಿ ಅಕ್ಕನ ಪೆಲೆಟ್ ಒಲೆ ಒಮ್ಮೆ ಆರಿದರೆ ಮತ್ತೆ ಹತ್ತುವುದಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ ಒಂದೇ ಉತ್ತರ: 'ನಿಮಗೆ ಬಳಸೋಕೆ ಬರಲ್ಲ.'

ಬರಲ್ಲವಾ? ಬೂದಿ ಪೂರ್ತಿ ಸುರಿದು, ಗಾಳಿ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿದ್ದಾರೆ. ತೇವ ಹಿಡಿದು ಹಿಟ್ಟಾದ ಪೆಲೆಟ್ ಬಿಸಾಕಿ, ಗಟ್ಟಿ ಇದ್ದದ್ದನ್ನೇ ತುಂಬಿದ್ದಾರೆ. ಮೇಲೆ ಚಕ್ಕೆ ಇಟ್ಟು ಹಚ್ಚಿ, ಉರಿ ಹಿಡಿದ ಮೇಲೆಯೇ ಫ್ಯಾನ್ ಹಾಕಿದ್ದಾರೆ. ಆದರೂ ಬರೀ ಹೊಗೆ. ಫ್ಯಾನಿಗೆ ಕಿವಿಗೊಟ್ಟರೆ ಸಾಕು, ನರಳುತ್ತಿದೆ. ಬ್ಯಾಟರಿ ಸತ್ತಿದೆ. ಹೊಸದು ಎಲ್ಲಿ ಸಿಗುತ್ತದೆಂದು ಮಾರಿದವನಿಗೂ ಗೊತ್ತಿಲ್ಲ!

ಇದು ಹಳೇ ಕಥೆ. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ರೂಪುಗೊಂಡ 'ಊರ್ಜಾ' ಒಲೆಯನ್ನು ಬಿಪಿ ಕಂಪನಿ 2006ರ ಹೊತ್ತಿಗೆ ಮಾರತೊಡಗಿತು. ಕೃಷಿ ತ್ಯಾಜ್ಯದ ಪೆಲೆಟ್, ಊದುವ ಫ್ಯಾನ್, ಕಡಿಮೆ ಹೊಗೆ. ವಿಜ್ಞಾನದಲ್ಲಿ ತಪ್ಪಿರಲಿಲ್ಲ. ಲಕ್ಷಗಟ್ಟಲೆ ಮನೆಗಳಿಗೆ ಹೋಯಿತು. ಆಮೇಲೆ ಬಿಪಿ ಹೊರನಡೆಯಿತು, ಪೆಲೆಟ್ ಬೆಲೆ ಏರಿತು, ಒಲೆಗಳು ಅಟ್ಟ ಸೇರಿದವು.

ಸೌದೆ ಒಲೆಗೆ ಪುಳ್ಳೆ ಬೇಲಿಯಲ್ಲೂ ಸಿಗುತ್ತದೆ. ಪೆಲೆಟ್ ಒಲೆ ಕೊಂಡವರು ಯಾವುದೋ ಕಾರ್ಖಾನೆಯ ಲಾರಿಗೆ ಕಾಯಬೇಕು. ಇದನ್ನು ಮುಚ್ಚಿಟ್ಟು, 'ಹೆಂಗಸರು ಹಳೇ ಅಭ್ಯಾಸ ಬಿಡಲ್ಲ' ಎಂದು ಸೆಮಿನಾರಿನಲ್ಲಿ ಭಾಷಣ ಬಿಗಿಯುವವರೇ, ಮೊದಲು ಬಡಾವಣೆಗೊಂದು ಅಂಗಡಿಯಲ್ಲಿ ಬ್ಯಾಟರಿ, ಫ್ಯಾನ್, ಒಣ ಪೆಲೆಟ್ ಇಡಿಸಿ. ಆಗದಿದ್ದರೆ ಒಲೆ ಮಾರಲೇಬೇಡಿ.

ಅಕ್ಕ ನಾಳೆ ಬೆಳಗ್ಗೆ ಐದಕ್ಕೆ ಮೊದಲ ಒಬ್ಬೆ ಇಡಬೇಕು. ಸಿಲಿಂಡರ್ ಸಾಲ ಕೇಳಲು ಹೋಗಿದ್ದಾರೆ.