ಎತ್ತಿದ ಜಾಕ್ ಇಳಿಯುವುದೇಕೆ?

ಪಂಚರ್ ಅಂಗಡಿಯ ಮುಂದೆ ಕಾರೊಂದು ಜಾಕ್ ಮೇಲೆ ನಿಂತಿದೆ. ಚಕ್ರ ಬಿಚ್ಚಿ, ತೂತು ಹುಡುಕಿ ತೇಪೆ ಹಾಕುವಷ್ಟರಲ್ಲಿ ಕಾರು ಒಂದು ಬೆರಳಿನಗಲ ಕೆಳಗೆ ಬಂದಿರುತ್ತದೆ. ಹುಡುಗ ಹಿಡಿಕೆಯನ್ನು ನಾಲ್ಕು ಸಲ ಒತ್ತುತ್ತಾನೆ. ಕಾರು ಮತ್ತೆ ಮೇಲೇರುತ್ತದೆ, ಕೆಲಸ ಮುಂದುವರಿಯುತ್ತದೆ. ‘ಎಣ್ಣೆ ಕಮ್ಮಿಯಾಗಿದೆ, ಸ್ವಲ್ಪ ಹಾಕಪ್ಪಾ, ಸರಿಹೋಗುತ್ತೆ’ ಎಂದು ಪಕ್ಕದಲ್ಲಿ ನಿಂತವರೊಬ್ಬರು ಸಲಹೆ ಕೊಡುತ್ತಾರೆ.

ಈ ಸಲಹೆ ಸರಿಯಲ್ಲ. ಎಣ್ಣೆ ಕಡಿಮೆಯಾದ ಜಾಕ್ ಪೂರ್ತಿ ಎತ್ತರಕ್ಕೆ ಏರುವುದಿಲ್ಲ. ಏರಿದ್ದು ನಿಲ್ಲದಿರುವುದು ಬೇರೆಯೇ ರೋಗ. ಜ್ವರಕ್ಕೂ ಮುರಿದ ಮೂಳೆಗೂ ಒಂದೇ ಮಾತ್ರೆ ಕೊಟ್ಟರೆ ಹೇಗೋ ಹಾಗೆ.

ಬಾಟಲಿಯಂತೆ ಕಾಣುವ ಹೈಡ್ರಾಲಿಕ್ ಜಾಕ್‌ನ ಒಳಗೆ ಎರಡು ಪಿಸ್ಟನ್‌ಗಳಿವೆ, ಒಂದು ಚಿಕ್ಕದು, ಒಂದು ದೊಡ್ಡದು. ಹಿಡಿಕೆ ಎತ್ತಿದಾಗ ಚಿಕ್ಕ ಪಿಸ್ಟನ್ ತೊಟ್ಟಿಯಿಂದ ಎಣ್ಣೆಯನ್ನು ಹೀರುತ್ತದೆ. ಒತ್ತಿದಾಗ ಅದನ್ನು ದೊಡ್ಡ ಪಿಸ್ಟನ್ನಿನ ಅಡಿಗೆ ತಳ್ಳುತ್ತದೆ. ಹೋದ ಎಣ್ಣೆ ಹಿಂದಕ್ಕೆ ಬರದಂತೆ ಎರಡು ಕವಾಟಗಳು ಕಾಯುತ್ತವೆ. ಕವಾಟವೆಂದರೆ ಇಲ್ಲಿ ಒಂದು ಚಿಕ್ಕ ಉಕ್ಕಿನ ಗುಂಡು ಮತ್ತು ಅದು ಕೂರುವ ಕುಳಿ, ಅಷ್ಟೇ. ಕೆಲಸ ಮುಗಿದ ಮೇಲೆ ಎಣ್ಣೆಯನ್ನು ತೊಟ್ಟಿಗೆ ಮರಳಿಸಲು ಬುಡದಲ್ಲಿ ತಿರುಪಿನಂಥ ರಿಲೀಸ್ ವಾಲ್ವ್ ಇರುತ್ತದೆ.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಪಾಸ್ಕಲನ ನಿಯಮ ಗೊತ್ತು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಚಿಕ್ಕ ಪಿಸ್ಟನ್ನಿನ ವ್ಯಾಸ 1 ಸೆಂ.ಮೀ., ದೊಡ್ಡದರದು 3 ಸೆಂ.ಮೀ. ಎಂದುಕೊಂಡರೆ ವಿಸ್ತೀರ್ಣಗಳ ಪ್ರಮಾಣ 9. ಹಿಡಿಕೆಯೂ ಒಂದು ಸನ್ನೆಗೋಲು. ಅದರಿಂದ ಹತ್ತು ಪಟ್ಟು ಲಾಭ. ಒಟ್ಟು 90 ಪಟ್ಟು. ಘರ್ಷಣೆಯನ್ನು ಬಿಟ್ಟರೆ, 700 ಕಿಲೋ ಭಾರವನ್ನು ಎತ್ತಲು ಎಂಟು ಕಿಲೋ ತೂಕದಷ್ಟು ಬಲ ಸಾಕು.

ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಎತ್ತುವ ಲೆಕ್ಕವಾಯಿತು, ಎತ್ತಿದ ಮೇಲೆ ಹಿಡಿದಿಡುವ ಲೆಕ್ಕ ಏನು? ದೊಡ್ಡ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 7 ಚದರ ಸೆಂ.ಮೀ. ಅದರ ಮೇಲೆ 700 ಕಿಲೋ ಕುಳಿತರೆ ಅಡಿಯ ಎಣ್ಣೆಯಲ್ಲಿ ಚದರ ಸೆಂಟಿಮೀಟರಿಗೆ 100 ಕಿಲೋ ಒತ್ತಡ. ಕಾರಿನ ಟಯರಿನಲ್ಲಿರುವುದು ಹೆಚ್ಚೂಕಡಿಮೆ 2 ಕಿಲೋ. ಟಯರಿನ ಐವತ್ತು ಪಟ್ಟು ಒತ್ತಡದಲ್ಲಿ ಆ ಎಣ್ಣೆ ಹೊರಬೀಳಲು ಸಂದು ಹುಡುಕುತ್ತಿರುತ್ತದೆ. ಕಾರು 1 ಸೆಂ.ಮೀ. ಇಳಿಯಬೇಕಾದರೆ 7 ಮಿಲಿಲೀಟರ್, ಅಂದರೆ ಸುಮಾರು 140 ಹನಿ ಎಣ್ಣೆ ತಪ್ಪಿಸಿಕೊಂಡರೆ ಸಾಕು. ಗಂಟೆಗೆ ಒಂದು ಸೆಂ.ಮೀ. ಇಳಿಯುವ ಜಾಕ್‌ನಲ್ಲಿ 25 ಸೆಕೆಂಡಿಗೆ ಒಂದು ಹನಿ ಸೋರುತ್ತಿದೆ ಎಂದರ್ಥ. ಕಣ್ಣಿಗೆ ಕಾಣದ ಒಂದು ಗೀರು, ಕವಾಟದ ಕುಳಿಯಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣ ಇದಕ್ಕೆ ಧಾರಾಳವಾಯಿತು.

ಈ ಸೋರಿಕೆಯ ಕಾಟ ಹಳೆಯದು. ಪಾಸ್ಕಲನ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಆಗಲೂ ತೊಡಕಾದದ್ದು ತತ್ವವಲ್ಲ, ಪಿಸ್ಟನ್ನಿನ ಸುತ್ತ ಒಸರುವ ನೀರು. ಬಿಗಿಯಾಗಿ ಸುತ್ತಿದರೆ ಪಿಸ್ಟನ್ ಅಲ್ಲಾಡದು, ಸಡಿಲ ಬಿಟ್ಟರೆ ನೀರು ನಿಲ್ಲದು. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್‌ಸ್ಲೆ ಬಟ್ಟಲಿನಾಕಾರದ ತೊಗಲಿನ ವಾಷರ್ ಹಾಕಿ ಇದನ್ನು ಬಿಡಿಸಿದನೆಂದು ಹೇಳುತ್ತಾರೆ. ಒಳಗಿನ ಒತ್ತಡವೇ ಬಟ್ಟಲಿನ ಅಂಚನ್ನು ಗೋಡೆಗೆ ಅದುಮುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಸೈಕಲ್ ಪಂಪ್ ಬಿಚ್ಚಿದವರು ಇಂಥ ತೊಗಲಿನ ವಾಷರನ್ನು ನೋಡಿರುತ್ತಾರೆ. ಅದು ಒಣಗಿ ಮುರುಟಿದರೆ ಪಂಪು ಗಾಳಿ ಹಿಡಿಯುವುದಿಲ್ಲ. ಜಾಕ್‌ನಲ್ಲಿ ತೊಗಲಿನ ಬದಲು ಈಗ ಸಾಮಾನ್ಯವಾಗಿ ಸಿಂಥೆಟಿಕ್ ರಬ್ಬರಿನ ಸೀಲ್ ಇರುತ್ತದೆ.

ಪರೀಕ್ಷೆಗೆ ಇಳಿಯುವ ಮುನ್ನ ಒಂದು ಮಾತನ್ನು ತಂದೆತಾಯಂದಿರೂ ಕೇಳಬೇಕು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ ವಾಹನವನ್ನು ಹೊರಬೇಕಾದದ್ದು ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ವಾಹನದ ಕೆಳಗೆ, ಬಿದ್ದ ಬೋಲ್ಟ್ ಎತ್ತಿಕೊಳ್ಳಲೆಂದೂ ಯಾರೂ ತಲೆ ಹಾಕಕೂಡದು. ಹೊಸ ಜಾಕ್‌ಗೂ ಇದೇ ನಿಯಮ. ಇಂದು ಗಂಟೆಗೊಂದು ಸೆಂಟಿಮೀಟರ್ ಇಳಿದ ಜಾಕ್ ನಾಳೆಯೂ ಅದೇ ವೇಗದಲ್ಲಿ ಇಳಿಯುತ್ತದೆಂದು ಯಾವ ಸೀಲೂ ಬರೆದುಕೊಟ್ಟಿಲ್ಲ. ರಜೆಯಲ್ಲಿ ಕೆಲಸ ಕಲಿಯಲು ಗ್ಯಾರೇಜಿಗೆ ಹೋಗುವ ಹುಡುಗರಿಗೆ ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲು ಇದನ್ನು ಹೇಳಿಕೊಡಬೇಕು. ಇಟ್ಟಿಗೆಯನ್ನೂ ಹಾಲೊ ಬ್ಲಾಕನ್ನೂ ಸ್ಟ್ಯಾಂಡಿನ ಬದಲು ಇಡುವುದುಂಟು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಈಗ ಪರೀಕ್ಷೆ. ಮೊದಲು ಇಳಿಯುತ್ತಿರುವುದು ಜಾಕೋ ನೆಲವೋ ನೋಡಬೇಕು. ಮೆತ್ತನೆಯ ಮಣ್ಣಿನಲ್ಲಿ ಜಾಕ್‌ನ ಬುಡವೇ ಹೂತುಹೋಗಬಹುದು. ಗಟ್ಟಿಯಾದ ಸಮ ನೆಲದ ಮೇಲಿಟ್ಟು, ವಾಹನವನ್ನು ಸ್ವಲ್ಪವೇ ಎತ್ತಿ, ಹೊರಬಂದ ಪಿಸ್ಟನ್ನಿನ ಉದ್ದವನ್ನು ಬದಿಯಿಂದ ಸ್ಕೇಲು ಹಿಡಿದು ಅಳೆಯಬೇಕು. ಜಾಕ್‌ನ ಹೊರಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ದೂರ ನಿಂತು ಅರ್ಧ ಗಂಟೆ ಕಾಯಬೇಕು.

ದೊಡ್ಡ ಪಿಸ್ಟನ್ನಿನ ಸುತ್ತ ಎಣ್ಣೆ ಜಿನುಗಿದ್ದರೆ ಅದರ ಸೀಲ್ ಸವೆದಿದೆ. ಹೊರಗೆಲ್ಲ ಒಣಗಿದ್ದು, ಹಿಡಿಕೆ ತಾನಾಗಿಯೇ ಮೆಲ್ಲನೆ ಮೇಲೇಳುತ್ತಿದ್ದರೆ ಅದು ಸ್ವಾರಸ್ಯಕರ ಲಕ್ಷಣ. ಎರಡು ಪಿಸ್ಟನ್ನುಗಳ ನಡುವಿನ ಗುಂಡು ಸರಿಯಾಗಿ ಕೂತಿಲ್ಲ; ಕಾರಿನ ಭಾರವೇ ಎಣ್ಣೆಯನ್ನು ಹಿಂದಕ್ಕೆ ದೂಡಿ ಚಿಕ್ಕ ಪಿಸ್ಟನ್ನನ್ನು ಎತ್ತುತ್ತಿದೆ. ಹೊರಗೂ ಒಣ, ಹಿಡಿಕೆಯೂ ಅಲುಗದು, ಆದರೂ ಜಾಕ್ ಇಳಿಯುತ್ತಿದೆ ಎಂದಾದರೆ ಮೊದಲ ಸಂಶಯ ರಿಲೀಸ್ ವಾಲ್ವ್ ಮೇಲೆ. ಎಷ್ಟೋ ಸಲ ಅದನ್ನು ಪೂರ್ತಿ ಮುಚ್ಚಿಯೇ ಇರುವುದಿಲ್ಲ. ಹಾಗೆಂದು ಉದ್ದನೆಯ ಪೈಪು ಸಿಕ್ಕಿಸಿ ಬಲವಾಗಿ ತಿರುಗಿಸಿದರೆ ಕುಳಿಯೇ ಹಾಳಾಗಿ, ಇಲ್ಲದ ರೋಗ ಅಂಟಿಕೊಳ್ಳುತ್ತದೆ.

ಕವಾಟದಲ್ಲಿ ಬರೀ ಕಸ ಸಿಕ್ಕಿದ್ದರೆ ಚಿಕಿತ್ಸೆ ಸುಲಭ. ಭಾರ ತೆಗೆದು, ರಿಲೀಸ್ ವಾಲ್ವ್ ಸಡಿಲಿಸಿ, ಪಿಸ್ಟನ್ನನ್ನು ಕೈಯಿಂದ ನಾಲ್ಕೈದು ಸಲ ಮೇಲೆಳೆದು ಕೆಳಗೊತ್ತಿದರೆ ಎಣ್ಣೆ ಹರಿದು ಕಸ ಕೊಚ್ಚಿಹೋಗಬಹುದು. ಎಣ್ಣೆ ಕಪ್ಪಾಗಿದ್ದರೆ ಪೂರ್ತಿ ಚೆಲ್ಲಿ ಹೊಸ ಜಾಕ್ ಆಯಿಲ್ ತುಂಬಬೇಕು. ಬಳಸಿದ ಎಂಜಿನ್ ಆಯಿಲ್ ಹಾಕಿದರೆ ಕಸವನ್ನು ಕೈಯಾರೆ ತುಂಬಿದಂತೆ. ಬ್ರೇಕ್ ಆಯಿಲ್ ಇನ್ನೂ ಕೆಟ್ಟದ್ದು. ಜಾಕ್‌ನ ಸೀಲುಗಳು ಅದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಸೀಲ್ ಸವೆದಿದ್ದರೆ ಅದೇ ಅಳತೆಯ ಸೀಲ್ ಕಿಟ್ ತಂದು ತಿಳಿದವರಿಂದ ಹಾಕಿಸಬೇಕು. ಪಿಸ್ಟನ್ನಿನ ಮೇಲೆ ತುಕ್ಕಿನ ಗುಳಿಗಳಿದ್ದರೆ ಹೊಸ ಸೀಲೂ ಬಹುಕಾಲ ಬಾಳದು. ಅಂಥ ಜಾಕನ್ನು ಗುಜರಿಗೆ ಹಾಕುವುದೇ ಲೇಸು. ಬಳಸದಿರುವಾಗ ಪಿಸ್ಟನ್ನನ್ನು ಪೂರ್ತಿ ಇಳಿಸಿಟ್ಟರೆ ತುಕ್ಕಿನ ಕಾಟ ಕಡಿಮೆ.

ರಿಪೇರಿಯಾದ ಮೇಲೆ ಮತ್ತೆ ಅಳೆಯುವಾಗ ಒಂದು ಮಿಲಿಮೀಟರಿಗೆ ಗಾಬರಿಯಾಗಬೇಕಿಲ್ಲ. ಎಣ್ಣೆಯೂ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ, ಒಂದು ಡಿಗ್ರಿಗೆ ಹತ್ತುಸಾವಿರದಲ್ಲಿ ಸುಮಾರು ಏಳು ಪಾಲು. ಪಿಸ್ಟನ್ನಿನಡಿ 10 ಸೆಂ.ಮೀ. ಎಣ್ಣೆ ನಿಂತಿದ್ದು, ಮಧ್ಯಾಹ್ನದ ಬಿಸಿಲಿನಿಂದ ರಾತ್ರಿಗೆ 15 ಡಿಗ್ರಿ ತಂಪಾದರೆ, ಒಂದು ಹನಿಯೂ ಸೋರದೆ ಜಾಕ್ ಒಂದು ಮಿಲಿಮೀಟರ್ ಇಳಿದಿರುತ್ತದೆ.