ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುತ್ತವೆ. ಕಂಪ್ಯೂಟರ್ ಪ್ರೋಗ್ರಾಮಿಗೆ ಈ ಲೆಕ್ಕ ನಡೆಯದು. ಅಲ್ಲಿ ಒಂದು ಸಾಲು ಸರಿಯಿದ್ದ ಮಾತ್ರಕ್ಕೆ ಪಕ್ಕದ ಸಾಲೂ ಸರಿಯೆನ್ನುವಂತಿಲ್ಲ.

ಬಸ್ ಟಿಕೆಟ್ ಮಾರುವ ಜಾಲತಾಣವೊಂದರಲ್ಲಿ 60 ವರ್ಷ ತುಂಬಿದವರಿಗೆ ರಿಯಾಯಿತಿ ಇದೆ ಎನ್ನಿ. ಪ್ರೋಗ್ರಾಮಿನಲ್ಲಿ ‘60 ಅಥವಾ ಹೆಚ್ಚು’ ಎನ್ನುವ ಬದಲು ‘60ಕ್ಕಿಂತ ಹೆಚ್ಚು’ ಎಂದು ಬಿದ್ದರೆ, 60ರಲ್ಲಿರುವವರು ವರ್ಷವಿಡೀ ಪೂರ್ತಿ ಹಣ ತೆರಬೇಕಾಗುತ್ತದೆ. ವಯಸ್ಸು 45, 70 ಎಂದು ಕೊಟ್ಟು ನೋಡಿದರೆ ಈ ತಪ್ಪು ಕಾಣದು. 59, 60, 61 ಕೊಟ್ಟರೆ ಕೂಡಲೇ ಸಿಕ್ಕಿಬೀಳುತ್ತದೆ. ಪ್ರೋಗ್ರಾಮನ್ನು ತಿದ್ದಿದಾಗಲೆಲ್ಲ ಇದೇ ಪರೀಕ್ಷೆ ಮತ್ತೆ ನಡೆಯಬೇಕು. ಆ ದುಡಿಮೆಯನ್ನು ಯಂತ್ರಕ್ಕೇ ಒಪ್ಪಿಸುವ ಸಾಧನವೇ ಟೆಸ್ಟಿಂಗ್ ಫ್ರೇಮ್‌ವರ್ಕ್, ಅಂದರೆ ಪರೀಕ್ಷಾ ಚೌಕಟ್ಟು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ವಿಮಾನ ಪ್ರಯಾಣವೊಂದರಲ್ಲಿ ಬರೆಯತೊಡಗಿದ ‘ಜೆಯುನಿಟ್’ ಮೊದಲ ಬಗೆಯದು. ಅದು ಜಾವಾ ಪ್ರೋಗ್ರಾಮಿನ ಬಿಡಿಭಾಗಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಜಾವಾಸ್ಕ್ರಿಪ್ಟ್‌ಗೆ ಇದೇ ಕೆಲಸ ಮಾಡುವ ‘ಜೆಸ್ಟ್’ ಅನ್ನು ಫೇಸ್‌ಬುಕ್ ಸಂಸ್ಥೆ 2014ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಎರಡನೆಯ ಬಗೆಯದು 2004ರಲ್ಲಿ ಜೇಸನ್ ಹಗಿನ್ಸ್ ಆರಂಭಿಸಿದ ‘ಸೆಲೆನಿಯಂ’. ಅದು ಬ್ರೌಸರ್ ತೆರೆದು, ಮನುಷ್ಯರಂತೆಯೇ ಅಕ್ಷರ ಒತ್ತಿ, ಗುಂಡಿ ಅದುಮಿ ನೋಡುತ್ತದೆ. ಆಗ ಮರ್ಕ್ಯುರಿ ಎಂಬ ಎದುರಾಳಿ ಕಂಪೆನಿಯಿತ್ತು. ಪಾದರಸದ ನಂಜಿಗೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಈ ಹೆಸರು ಬಂತು. 2020ರಲ್ಲಿ ಮೈಕ್ರೋಸಾಫ್ಟ್ ತಂದ ‘ಪ್ಲೇರೈಟ್’ ಕೂಡ ಇದೇ ಜಾತಿಯದು.

ಯಾವುದನ್ನು ಆರಿಸಬೇಕು? ಶಾಲೆಯ ಪ್ರಯೋಗಾಲಯವನ್ನು ನೆನೆಯಿರಿ. ಬಲ್ಬು, ತಂತಿ, ಶುಷ್ಕಕೋಶಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದರೆ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. ಆದರೆ ಎಲ್ಲವನ್ನೂ ಜೋಡಿಸಿದ ಮೇಲೆ ದೀಪ ಹತ್ತುತ್ತದೆಯೇ ಎಂಬುದು ಮಂಡಲ ಪೂರ್ಣಗೊಳಿಸಿದಾಗಲೇ ಗೊತ್ತಾಗುವುದು. ಹಾಗೆಯೇ ದರ, ವಯಸ್ಸು, ದಿನಾಂಕಗಳ ಲೆಕ್ಕಕ್ಕೆ ಮೊದಲ ಬಗೆಯ ಪರೀಕ್ಷೆಗಳು ಬಹಳಷ್ಟು ಇರಲಿ. ಅವು ಕಣ್ಣೆವೆಯಿಕ್ಕುವುದರೊಳಗೆ ಮುಗಿಯುತ್ತವೆ. ಆಸನದ ಆಯ್ಕೆ, ಹಣ ಪಾವತಿಯಂಥ ಮುಖ್ಯ ದಾರಿಗಳಿಗೆ ಬ್ರೌಸರ್ ಪರೀಕ್ಷೆಗಳು ಕೆಲವೇ ಸಾಕು. ಅವು ನಿಧಾನ, ಪುಟ ತೆರೆಯಲು ತಡವಾದರೂ ಕೆಲವೊಮ್ಮೆ ‘ತಪ್ಪು’ ಎಂದು ಕೂಗುತ್ತವೆ.

ಹೆಸರು ನೋಡಿ ಸಾಧನ ಕೊಳ್ಳುವುದಕ್ಕಿಂತ ಅದಕ್ಕೇ ಒಂದು ಪರೀಕ್ಷೆ ಒಡ್ಡುವುದು ಲೇಸು. ಬೇಕೆಂದೇ ಒಂದು ತಪ್ಪು ಸೇರಿಸಿ. ಅದು ಹಿಡಿಯುತ್ತದೆಯೇ, ಜಾಗ ತೋರಿಸುತ್ತದೆಯೇ ನೋಡಿ. ಬಳಿಕ ಏನನ್ನೂ ಬದಲಿಸದೆ 20 ಸಲ ಓಡಿಸಿ. ಉತ್ತರ ಬದಲಾದರೆ ಅದನ್ನು ನೆಚ್ಚುವಂತಿಲ್ಲ. ಸುಮ್ಮಸುಮ್ಮನೆ ಬಾರಿಸುವ ಗಂಟೆಗೆ, ನಿಜವಾಗಿ ಬೆಂಕಿ ಬಿದ್ದ ದಿನವೂ ಯಾರೂ ಓಡಿಬರುವುದಿಲ್ಲ.