ಸ್ಟ್ರೋಕ್ ಆದ್ರೆ ಐದು ಲಕ್ಷ, ಬಿಪಿ ಮಾತ್ರೆಗೆ ಸೊನ್ನೆ: ಹಿರಿಯರ ಔಷಧಿ ಚೀಟಿಯ ರಾಜಕಾರಣ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಮನೆಯಲ್ಲಿ 72 ವರ್ಷದ ಅಜ್ಜಿ ಇದ್ದಾರೆ ಅಂತಿಟ್ಟುಕೊಳ್ಳಿ. ಬಿಪಿ, ಶುಗರ್ ಎರಡೂ ಇದೆ, ಕೊಲೆಸ್ಟ್ರಾಲ್‌ಗೂ ಒಂದು ಮಾತ್ರೆ ನಡೀತಿದೆ. ಮೆಡಿಕಲ್ ಶಾಪಿನ ಬಿಲ್ಲು ತಿಂಗಳಿಗೆ 2,000 ರೂಪಾಯಿ, ವರ್ಷಕ್ಕೆ 24,000. ಇದರಲ್ಲಿ ಆಯುಷ್ಮಾನ್ ಕಾರ್ಡ್ ಎಷ್ಟು ಕೊಡುತ್ತೆ? ಸೊನ್ನೆ. ದುಡ್ಡು ಸಾಲದೆ ಅಜ್ಜಿ ದಿನ ಬಿಟ್ಟು ದಿನ ಮಾತ್ರೆ ನುಂಗಲು ಶುರು ಮಾಡಿದರು, ಬಿಪಿ ಏರಿತು, ಸ್ಟ್ರೋಕ್ ಆಯಿತು, ಆಸ್ಪತ್ರೆಗೆ ಅಡ್ಮಿಟ್ ಮಾಡಿದರು ಅನ್ನಿ. ಈಗ ಅದೇ ಕಾರ್ಡ್ ಐದು ಲಕ್ಷದವರೆಗೆ ಕೊಡಲು ಸಿದ್ಧ.

ಅಂದರೆ ಕಾಯಿಲೆಯನ್ನು ತಡೆಯಲು ದುಡ್ಡಿಲ್ಲ, ತಡೆಯದೆ ಬಿಟ್ಟ ಮೇಲೆ ಆಗುವ ಅನಾಹುತಕ್ಕೆ ಇದೆ. ಕಾರ್ಖಾನೆಯಲ್ಲಿ ಯಾವ ಇಂಜಿನಿಯರ್ ಆದರೂ ಹೀಗೆ ಮೆಷಿನ್ ನೋಡಿಕೊಂಡರೆ, ಎಣ್ಣೆ ಬಿಡಲು ಬಜೆಟ್ ಇಲ್ಲ, ಮೋಟಾರ್ ಸುಟ್ಟರೆ ಹೊಸದು ತರೋಣ ಅಂದರೆ, ಮರುದಿನವೇ ಅವನನ್ನು ಮನೆಗೆ ಕಳಿಸುತ್ತಾರೆ. ನಮ್ಮ ದೇಶದ ಹಿರಿಯರ ಆರೋಗ್ಯ ರಕ್ಷಣೆ ನಿಂತಿರುವುದು ಇದೇ ತರ್ಕದ ಮೇಲೆ.

ಕಾರ್ಡ್ ಏನು ಕೊಡುತ್ತೆ, ಏನು ಕೊಡಲ್ಲ

70 ವರ್ಷ ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿ ಅಂತ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಅಕ್ಟೋಬರ್‌ನಲ್ಲಿ ಚಾಲನೆಯೂ ಸಿಕ್ಕಿತು. ಸುಮಾರು 6 ಕೋಟಿ ಹಿರಿಯರಿಗೆ ಅನುಕೂಲ ಅಂತ ಸರ್ಕಾರ ಹೇಳಿತು. ಆದಾಯದ ಮಿತಿ ತೆಗೆದದ್ದು ಒಳ್ಳೆಯ ಹೆಜ್ಜೆ, ಅದರಲ್ಲಿ ತಕರಾರಿಲ್ಲ.

ತಕರಾರಿರುವುದು ಒಳಗಿನ ಷರತ್ತಿನಲ್ಲಿ. ಈ ಹಣ ಬರುವುದು ಅಡ್ಮಿಟ್ ಆದರೆ ಮಾತ್ರ. ಔಷಧಿ ಸಿಗುವುದು ಆಸ್ಪತ್ರೆಯಲ್ಲಿ ಇರುವಾಗ, ಸೇರುವ ಮುಂಚಿನ 3 ದಿನ, ಮನೆಗೆ ಬಂದ ಮೇಲಿನ 15 ದಿನ. ಹದಿನಾರನೇ ದಿನದಿಂದ ನಿಮ್ಮ ಜೇಬು. ಸ್ಟ್ರೋಕ್ ಆದವರಿಗೆ ಡಾಕ್ಟರು ಬರೆಯುವ ಮಾತ್ರೆಗಳಲ್ಲಿ ಹಲವು ಜೀವನಪೂರ್ತಿ ನುಂಗಬೇಕಾದವು ಅನ್ನುವುದು ಯೋಜನೆ ಬರೆದವರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಖಾಸಗಿ ವಿಮೆಯ ಕಥೆಯೂ ಬೇರೆಯಲ್ಲ. ನಿಯಮಗಳು ಸ್ವಲ್ಪ ಸಡಿಲವಾಗಿವೆ, ನಿಜ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅನ್ನುವ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದಿದೆ. ಮೊದಲೇ ಇರುವ ಕಾಯಿಲೆಗಳಿಗೆ ಕಾಯಿಸುವ ಅವಧಿ ಗರಿಷ್ಠ 4 ವರ್ಷದಿಂದ 3ಕ್ಕೆ ಇಳಿದಿದೆ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮೊದಲು ಕಂಪನಿಗಳು ಪ್ರಾಧಿಕಾರದ ಜೊತೆ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ಆದೇಶವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿನ ಶೇ 18 ಜಿಎಸ್‌ಟಿ ಹೋಗಿದೆ. ಆದರೆ ಇಷ್ಟೆಲ್ಲ ಆದ ಮೇಲೂ ಸಾಮಾನ್ಯ ಪಾಲಿಸಿ ಕೈಗೆ ತಗೊಂಡು ಓದಿ: ತಿಂಗಳ ಮಾತ್ರೆ ಅದರಲ್ಲಿ ಇರಲ್ಲ.

ಐಟಿ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ-ಅಮ್ಮನ ಹೆಸರು ಸೇರಿಸಿ ನೆಮ್ಮದಿಯಾಗಿರುವ ಗೆಳೆಯರಿಗೂ ಒಂದು ಮಾತು. ಅದೂ ಹೆಚ್ಚಾಗಿ ಬೆಡ್ಡಿನ ವಿಮೆಯೇ. ಮೇಲಾಗಿ ನಿಮ್ಮ ಕೆಲಸ ಹೋದ ದಿನ ಅವರ ರಕ್ಷಣೆಯೂ ಹೋಗುತ್ತೆ.

ಹಾಗಾದ್ರೆ ಆಯ್ಕೆ ಮಾಡೋದು ಹೇಗೆ?

ಅಮೆರಿಕದಲ್ಲಿ ಹಿರಿಯರ ಮೆಡಿಕೇರ್ ಯೋಜನೆಗೆ ಕಾನೂನು ಬಂದದ್ದು 1965ರಲ್ಲಿ. ಮನೆಯಲ್ಲಿ ನುಂಗುವ ಮಾತ್ರೆಗೆ ಅದರಲ್ಲೂ ಜಾಗ ಇರಲಿಲ್ಲ. ಡಾಕ್ಟರ ಚೀಟಿಯ ಔಷಧಿಗೆ ಅಂತಲೇ ಪ್ರತ್ಯೇಕ ವಿಮೆ ಶುರುವಾಗಿದ್ದು 2006ರಲ್ಲಿ, ಅಂದರೆ ನಲವತ್ತು ವರ್ಷ ಬೇಕಾಯ್ತು. ಅದನ್ನು ನಡೆಸುವವರು ಖಾಸಗಿ ಕಂಪನಿಗಳು. ಒಬ್ಬೊಬ್ಬರ ಔಷಧಿ ಪಟ್ಟಿ ಒಂದೊಂದು ಥರ, ಪ್ರತಿ ವರ್ಷ ಕೂತು ಹೋಲಿಸಿ ನೋಡಬೇಕು, ಅದೊಂದು ತಲೆನೋವು. ಆದರೂ 2025ರಿಂದ ಅಲ್ಲೊಂದು ಒಳ್ಳೆಯ ನಿಯಮ ಬಂತು: ಈ ವಿಮೆಯಡಿ ಬರುವ ಔಷಧಿಗೆ ವರ್ಷಕ್ಕೆ 2,000 ಡಾಲರ್ ಜೇಬಿನಿಂದ ಹೋದ ಮೇಲೆ ಆ ವರ್ಷ ಮತ್ತೆ ಕೊಡಬೇಕಾಗಿಲ್ಲ. 2026ಕ್ಕೆ ಆ ಮಿತಿ 2,100 ಡಾಲರ್.

ನಮ್ಮಲ್ಲಿ ಇಂಥ ವಿಮೆಯೇ ಇಲ್ಲ. ಹಾಗಾಗಿ ಇಲ್ಲಿ 'ಆಯ್ಕೆ' ಅಂದರೆ ತೇಪೆ ಹಾಕುವುದು. ಅದನ್ನಾದರೂ ಸರಿಯಾಗಿ ಹಾಕೋಣ.

ಮೊದಲು ಒಂದು ಹಾಳೆ ತಗೊಂಡು ಮನೆಯ ಹಿರಿಯರ ಮಾತ್ರೆಗಳ ಪಟ್ಟಿ ಮಾಡಿ. ಬ್ರ್ಯಾಂಡ್ ಹೆಸರಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಖರ್ಚು. ಈ ಪಟ್ಟಿ ಇಲ್ಲದೆ ಮುಂದಿನ ಯಾವ ಲೆಕ್ಕವೂ ಆಗಲ್ಲ.

ಎರಡನೆಯದು, ಅವರ ಹಳೆಯ ಕೆಲಸದಿಂದ ಏನಾದರೂ ಹಕ್ಕು ಉಳಿದಿದೆಯಾ ನೋಡಿ. ಕೇಂದ್ರ ಸರ್ಕಾರದ ನಿವೃತ್ತರಿಗೆ ಸಿಜಿಎಚ್‌ಎಸ್ ಇದೆ, ಅದರಲ್ಲಿ ತಿಂಗಳ ಮಾತ್ರೆಯೂ ಸಿಗುತ್ತೆ. ಅದರ ಕೇಂದ್ರಗಳಿಲ್ಲದ ಊರಲ್ಲಿದ್ದು, ಹೊರರೋಗಿ ಸೌಲಭ್ಯ ಬೇಡ ಅಂದವರಿಗೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಇದೆ. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳಿವೆ. ಇನ್ನು ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಇಎಸ್‌ಐ ನಿಯಮ. ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತಿಯಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ, ಅವರಿಗೂ ಸಂಗಾತಿಗೂ ಚಿಕಿತ್ಸೆ ಮುಂದುವರಿಯುತ್ತೆ, ಔಷಧಿ ಸೇರಿ. ಪೀಣ್ಯದ ಕಾರ್ಖಾನೆಗಳಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಸವೆದು ಬಂದ ಎಷ್ಟು ಅಪ್ಪ-ಅಮ್ಮಂದಿರಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಮೂರನೆಯದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಮೆಟ್‌ಫಾರ್ಮಿನ್, ಅಮ್ಲೋಡಿಪಿನ್ ಥರದ ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತವಾಗಿ ಸಿಗಬೇಕು. ಅಲ್ಲಿ ಸಿಗದಿದ್ದಕ್ಕೆ ಜನೌಷಧಿ ಕೇಂದ್ರ ನೋಡಿ, ಬ್ರ್ಯಾಂಡಿನ ಬೆಲೆಗಿಂತ ಅರ್ಧಕ್ಕೂ ಕಡಿಮೆಗೆ ಸಿಗುವ ಮಾತ್ರೆಗಳು ಬಹಳ ಇವೆ. ಎಚ್ಚರಿಕೆ: ಬ್ರ್ಯಾಂಡ್ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ. ಥೈರಾಯ್ಡ್, ಫಿಟ್ಸ್, ರಕ್ತ ತೆಳುಗೊಳಿಸುವ ಮಾತ್ರೆಗಳ ವಿಷಯದಲ್ಲಂತೂ ಕೇಳದೆ ಮುಟ್ಟಬೇಡಿ.

ನಾಲ್ಕನೆಯದು ವಿಮೆ. ಅದು ಆಸ್ಪತ್ರೆಗೆ ಬೇಕೇ ಬೇಕು, ಆದರೆ ಮಾತ್ರೆಗೂ ಆಗುತ್ತೆ ಅಂತ ನಂಬಿ ತಗೋಬೇಡಿ. ಏಜೆಂಟ್ 'ಒಪಿಡಿ ಕೂಡ ಇದೆ ಸಾರ್' ಅಂದರೆ ಮೂರು ಪ್ರಶ್ನೆ ಕೇಳಿ: ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಎಷ್ಟು, ವರ್ಷಕ್ಕೆ ಗರಿಷ್ಠ ಎಷ್ಟು ಕೊಡ್ತೀರಿ, ಔಷಧಿ ಬಿಲ್ಲು ಸೇರುತ್ತಾ ಅಥವಾ ಬರೀ ಡಾಕ್ಟರ್ ಫೀಸಾ? 8,000 ಕಟ್ಟಿಸಿಕೊಂಡು 10,000ದ ಮಿತಿ ಕೊಟ್ಟರೆ ಅದು ವಿಮೆಯಲ್ಲ, ನಿಮ್ಮದೇ ದುಡ್ಡು ಕಂತಿನಲ್ಲಿ ವಾಪಸ್ ಬರೋದು. ಆಯುಷ್ಮಾನ್ ಕಾರ್ಡ್ ಮಾಡಿಸುವಾಗಲೂ ನಿಮ್ಮೂರಿನ ಯಾವ ಆಸ್ಪತ್ರೆ ಅದನ್ನು ಒಪ್ಪುತ್ತೆ ಅಂತ ವಿಚಾರಿಸಿ. ಖಾಸಗಿ ವಿಮೆ ಅಥವಾ ಇಎಸ್‌ಐ ಇದ್ದರೂ 70 ದಾಟಿದವರು ಅದನ್ನು ಪಡೆಯಬಹುದು. ಸಿಜಿಎಚ್‌ಎಸ್, ಇಸಿಎಚ್‌ಎಸ್ ಇದ್ದವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಬೇಕು. ಮಾತ್ರೆ ಸಿಗುವ ಸಿಜಿಎಚ್‌ಎಸ್ ಬಿಟ್ಟು ಮಾತ್ರೆ ಇಲ್ಲದ ಆಯುಷ್ಮಾನ್ ಆರಿಸಿಕೊಂಡರೆ ಏನಾಗುತ್ತೆ ಅನ್ನುವುದು ಈಗ ನಿಮಗೇ ಗೊತ್ತು.

ಕೊನೆಯದು ತೆರಿಗೆ. ಆರೋಗ್ಯ ವಿಮೆ ಇಲ್ಲದ ಹಿರಿಯರ ಚಿಕಿತ್ಸೆ, ಔಷಧಿ ಖರ್ಚಿಗೆ 80ಡಿ ಅಡಿ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಇದೆ. ಅಪ್ಪ-ಅಮ್ಮನಿಗಾಗಿ ಖರ್ಚು ಮಾಡುವ ಮಕ್ಕಳೂ ಇದನ್ನು ಪಡೆಯಬಹುದು. ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, ನಗದು ಕೊಟ್ಟಿರಬಾರದು, ಅಷ್ಟೇ. ಬಿಲ್ಲು ಎಸೆಯಬೇಡಿ.

ಬೆಲೆ ಏರುತ್ತೆ, ಪಿಂಚಣಿ ಅಲ್ಲೇ ಇರುತ್ತೆ

ಇಷ್ಟು ತೇಪೆ ಹಾಕಲು ಓದು ಬೇಕು, ಪುರುಸೊತ್ತು ಬೇಕು, ಪಕ್ಕದಲ್ಲಿ ಮಕ್ಕಳಿರಬೇಕು. ಇವ್ಯಾವುದೂ ಇಲ್ಲದವರು ಎಲ್ಲಿಗೆ ಹೋಗಬೇಕು?

ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿ 2022ರ ಪ್ರಕಾರ 384 ಔಷಧಗಳಿವೆ. ಇವಕ್ಕೆ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತೆ. ಆದರೆ ಆ ಬೆಲೆ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕದ ಜೊತೆ ಏರಬಹುದು. 2022ರಲ್ಲಿ ಶೇ 10.7ರಷ್ಟು, 2023ರಲ್ಲಿ ಶೇ 12.1ರಷ್ಟು ಏರಿಕೆಗೆ ದಾರಿಯಾಯಿತು. ಪಟ್ಟಿಯ ಹೊರಗಿರುವ ಔಷಧಿಗಳ ಬೆಲೆಯನ್ನು ಕಂಪನಿಗಳು ವರ್ಷಕ್ಕೆ ಶೇ 10ರವರೆಗೆ ತಾವೇ ಏರಿಸಿಕೊಳ್ಳಬಹುದು.

ಈಗ ಪಿಂಚಣಿ ನೋಡಿ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅಷ್ಟೇ, ಈಗಲೂ ಅಷ್ಟೇ. ಇಪಿಎಸ್ ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. ಮಾತ್ರೆಯ ಬೆಲೆಗೆ ಸೂಚ್ಯಂಕ ಇದೆ, ಮಾತ್ರೆ ನುಂಗುವವರ ಪಿಂಚಣಿಗೆ ಇಲ್ಲ. ಇದು ಲೆಕ್ಕದ ತಪ್ಪಲ್ಲ, ರಾಜಕೀಯ ಆಯ್ಕೆ.

ವೈದ್ಯರು ಬ್ರ್ಯಾಂಡ್ ಬದಲು ಮೂಲ ಔಷಧದ ಹೆಸರು ಬರೆಯಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂತು. ಗುಣಮಟ್ಟಕ್ಕೆ ಯಾರು ಹೊಣೆ ಅಂತ ವೈದ್ಯರ ಸಂಘಟನೆಗಳು ಕೇಳಿದವು, ಅದೇ ತಿಂಗಳು ನಿಯಮ ತಡೆಹಿಡಿಯಲಾಯಿತು. ಇತ್ತ ಡಾಕ್ಟರು ಒಂದು ಬ್ರ್ಯಾಂಡ್ ಬರೆದರೆ ಅದೇ ಔಷಧದ ಅಗ್ಗದ ಬ್ರ್ಯಾಂಡ್ ಕೊಡಲು ಅಂಗಡಿಯವರಿಗೆ ಕಾನೂನು ಬಿಡಲ್ಲ. ದುಡ್ಡು ಕೊಡುವವರು ಮಾತ್ರ ಏನೂ ಆರಿಸುವಂತಿಲ್ಲ.

ಬೋರ್ಡಿನ ಜಗಳ

ನಮ್ಮ ರಾಜ್ಯದಲ್ಲಿ ಔಷಧಿ ದೊಡ್ಡ ಸುದ್ದಿಯಾಗಿದ್ದು 2025ರ ಮೇನಲ್ಲಿ. ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಹೊರಟಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿಯೇ ಸಿಗಬೇಕು, ಅಲ್ಲಿ ಮಾರಾಟ ಯಾಕೆ ಅನ್ನುವುದು ಸರ್ಕಾರದ ವಾದ. ಮೋದಿ ಯೋಜನೆ ಅಂತ ದ್ವೇಷ ಅನ್ನುವುದು ಬಿಜೆಪಿಯ ವಾದ. ಮಳಿಗೆ ನಡೆಸುವವರು ಹೈಕೋರ್ಟ್‌ಗೆ ಹೋದರು, ಆದೇಶಕ್ಕೆ ತಡೆ ಸಿಕ್ಕಿತು. ಅಂದಹಾಗೆ, ಜನೌಷಧಿ ಮೊದಲು ಶುರುವಾಗಿದ್ದು 2008ರಲ್ಲಿ, ಯುಪಿಎ ಕಾಲದಲ್ಲಿ.

ತತ್ವದ ಮಟ್ಟದಲ್ಲಿ ರಾಜ್ಯದ ವಾದ ಸರಿ: ಉಚಿತವಾಗಿ ಸಿಗಬೇಕು. ಆದರೆ ಒಳಗಿನ ಕೌಂಟರ್‌ನಲ್ಲಿ 'ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ' ಅನ್ನುವ ಮಾತು ನಿಲ್ಲುವ ಮೊದಲು ಅಗ್ಗದ ಅಂಗಡಿ ಮುಚ್ಚಿದರೆ, ಅಜ್ಜಿ ಹೋಗುವುದು ಗೇಟಿನಾಚೆಯ ದುಬಾರಿ ಅಂಗಡಿಗೆ. ಬಿಜೆಪಿಗೂ ಒಂದು ಪ್ರಶ್ನೆ: ಅಗ್ಗದ ಮಾತ್ರೆ ಬೇಕು ಅಂತ ಬೀದಿಗಿಳಿದವರು, ಐದು ಲಕ್ಷದ ಕಾರ್ಡಿನಲ್ಲಿ ಮಾತ್ರೆ ಯಾಕಿಲ್ಲ ಅಂತ ದೆಹಲಿಗೆ ಒಂದು ಪತ್ರವನ್ನಾದರೂ ಬರೀತಾರಾ?

ಮಾಡಿ ತೋರಿಸಿದವರು ಇದ್ದಾರೆ. ತಮಿಳುನಾಡು 1990ರ ದಶಕದಿಂದಲೇ ನಿಗಮ ಕಟ್ಟಿ ಔಷಧಿಯನ್ನು ಸಗಟಾಗಿ ಕೊಳ್ಳುತ್ತಿದೆ. 2021ರ ಆಗಸ್ಟ್‌ನಿಂದ ಬಿಪಿ, ಶುಗರ್ ಮಾತ್ರೆಗಳನ್ನು ಮನೆಬಾಗಿಲಿಗೆ ತಲುಪಿಸುತ್ತಿದೆ. ರಾಜಸ್ಥಾನ 2011ರಲ್ಲೇ ಉಚಿತ ಔಷಧಿ ಯೋಜನೆ ತಂದಿತು. ಕರ್ನಾಟಕದ್ದೂ ಬರಿಗೈ ಅಲ್ಲ. ಕೋಲಾರದಲ್ಲಿ 2024ರಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆ ಮನೆಮನೆಗೆ ಹೋಗಿ ಬಿಪಿ, ಶುಗರ್ ಪತ್ತೆ ಮಾಡುತ್ತೆ, ಮಾತ್ರೆಯನ್ನೂ ಕೊಡುತ್ತೆ. ಆದರೆ ಪತ್ತೆ ಮಾಡುವುದು ಒಂದು ದಿನದ ಕೆಲಸ, ಮಾತ್ರೆ ಕೊಡುವುದು ಇಪ್ಪತ್ತು ವರ್ಷದ ಕೆಲಸ. ಯೋಜನೆಯ ಯಶಸ್ಸನ್ನು ಅಳೆಯಬೇಕಾದ್ದು ಎಷ್ಟು ಜನರ ಬಿಪಿ ನೋಡಿದ್ರಿ ಅಂತಲ್ಲ, ಹನ್ನೆರಡನೇ ತಿಂಗಳಲ್ಲೂ ಎಷ್ಟು ಜನರ ಕೈಯಲ್ಲಿ ಮಾತ್ರೆ ಇತ್ತು ಅಂತ.

ಕೇಳಬೇಕಾದ್ದು ಹೆಚ್ಚೇನಿಲ್ಲ. ಒಂದು, 70 ದಾಟಿದವರ ಆಯುಷ್ಮಾನ್ ಯೋಜನೆಯಲ್ಲಿ ಬಿಪಿ, ಶುಗರ್, ಹೃದಯ, ಕಿಡ್ನಿ ಕಾಯಿಲೆಗಳ ತಿಂಗಳ ಔಷಧಿ ಸೇರಲಿ. ಎರಡು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವತ್ತು ಯಾವ ಮಾತ್ರೆ ಎಷ್ಟಿದೆ ಅಂತ ಎಲ್ಲರಿಗೂ ಕಾಣುವಂತೆ ಆನ್‌ಲೈನ್‌ನಲ್ಲಿ ಹಾಕಲಿ. ಬಸ್ಸು ಎಲ್ಲಿದೆ ಅಂತ ಮೊಬೈಲಿನಲ್ಲಿ ತೋರಿಸಬಲ್ಲ ಸರ್ಕಾರಕ್ಕೆ ಮಾತ್ರೆ ಎಲ್ಲಿದೆ ಅಂತ ತೋರಿಸುವುದು ಕಷ್ಟವಲ್ಲ. ಮೂರು, ವೃದ್ಧಾಪ್ಯ ವೇತನವನ್ನೂ ಬೆಲೆ ಸೂಚ್ಯಂಕಕ್ಕೆ ಜೋಡಿಸಲಿ.

2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನ ಪಾಲು ಶೇ 64.2 ಇತ್ತು, 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಅಂತ ಕೇಂದ್ರ ಹೆಮ್ಮೆಪಡುತ್ತೆ. ಪಡಲಿ. ಮುಂದಿನ ಸಲ ಮತ ಕೇಳಲು ಬಂದವರು ಐದು ಲಕ್ಷದ ಕಾರ್ಡ್ ತೋರಿಸಿದರೆ, ನೀವು ಮನೆಯ ಹಿರಿಯರ ಮಾತ್ರೆಗಳ ಆ ಹಾಳೆ ತೋರಿಸಿ. ಇದರಲ್ಲಿ ಯಾವ ಸಾಲಿಗೆ ನಿಮ್ಮ ಕಾರ್ಡ್ ದುಡ್ಡು ಕೊಡುತ್ತೆ ಅಂತ ಕೇಳಿ.